ಪ್ರಾಜೆಕ್ಟಿಗೆ ಆಕರ ಸಿಗುತ್ತಿಲ್ಲವೇ? ಕಾಲೇಜು ಲೈಬ್ರರಿಯಲ್ಲಿ ಹುಡುಕುವ ಕ್ರಮ ಇಲ್ಲಿದೆ

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದಂತೆ ಮಂಗಳೂರು, ಉಡುಪಿಯ ಕಾಲೇಜು ಲೈಬ್ರರಿಗಳ ಕೌಂಟರಿನಲ್ಲಿ ಕೇಳಿಬರುವ ಮಾತು ಒಂದೇ: "ನನ್ನ ಟಾಪಿಕ್ ಮೇಲೆ ಏನೂ ಇಲ್ಲ ಸರ್." ಏನು ಹುಡುಕಿದಿರಿ ಎಂದು ಕೇಳಿದರೆ, ಸಿನಾಪ್ಸಿಸ್‌ನ ಶೀರ್ಷಿಕೆಯನ್ನು ಇಡಿಯಾಗಿ ಗೂಗಲ್‌ಗೆ ಹಾಕಿ, ಮೊದಲ ಪುಟದಲ್ಲಿ ಬಂದದ್ದನ್ನು ಕಾಪಿ ಮಾಡಿಕೊಂಡು, ಕಪಾಟಿನ ಮುಂದೆ ಒಂದು ಸುತ್ತು ಹೊಡೆದು ಬಂದಿರುತ್ತಾರೆ.

ಹೆಚ್ಚಿನ ವಿಷಯಗಳಿಗೆ ಆಕರ ಇದ್ದೇ ಇರುತ್ತದೆ. ಕೈಕೊಡುವುದು ಹುಡುಕುವ ಕ್ರಮ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಮಟ್ಟಿಗೆ ಇನ್ನೊಂದು ತೊಡಕೂ ಇದೆ: ಗಡಿಯೂ ಹೆಸರೂ ಹಲವು ಸಲ ಬದಲಾದ ಊರು ಇದು. ಇವತ್ತಿನ ಹೆಸರು ಹಿಡಿದು ಹೋದರೆ ಹಳೆಯ ದಾಖಲೆ ಬಾಗಿಲು ತೆರೆಯುವುದಿಲ್ಲ.

ಉದಾಹರಣೆಗೆ ಒಂದೇ ವಿಷಯ ಇಟ್ಟುಕೊಳ್ಳೋಣ: 'ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಮತ್ತು ಅಲ್ಲಿನ ಕಾರ್ಮಿಕರು'. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಎಂ.ಎಸ್.ಡಬ್ಲ್ಯೂ. ಯಾವ ವಿಭಾಗದವರಿಗೂ ಹೊಂದುತ್ತದೆ. ನಿಮ್ಮದು ಬೀಡಿ, ಮೀನುಗಾರಿಕೆ, ಯಕ್ಷಗಾನ ಏನೇ ಆಗಿರಲಿ, ಹಂತಗಳು ಇವೇ.

ಮೊದಲು ಕೈಯಲ್ಲಿ ಇರಬೇಕಾದವು

ಲೈಬ್ರರಿ ಕಾರ್ಡು. ಕಾಲೇಜು ಕೊಟ್ಟ ಇಮೇಲ್ ಐಡಿ ಇದ್ದರೆ ಅದರ ಪಾಸ್‌ವರ್ಡ್. ಇದನ್ನು ಮರೆತವರೇ ಜಾಸ್ತಿ, ಇವತ್ತೇ ಸರಿಮಾಡಿಸಿಕೊಳ್ಳಿ. ಒಂದು ನೋಟ್‌ಬುಕ್. ಕ್ಯಾಮೆರಾ ಸರಿಯಾಗಿರುವ ಫೋನು. ಉಲ್ಲೇಖಗಳನ್ನು ಸೇರಿಸಿಡಲು ಝೊಟೆರೊ ಎಂಬ ಉಚಿತ ತಂತ್ರಾಂಶ. ಮತ್ತು ವಿಭಾಗ ಮುಖ್ಯಸ್ಥರ ಸಹಿ, ಕಾಲೇಜಿನ ಮೊಹರು ಇರುವ ಪರಿಚಯ ಪತ್ರ, ನಾಲ್ಕೈದು ಪ್ರತಿ. ಬೇರೆ ಲೈಬ್ರರಿ, ಕಚೇರಿ, ಪತ್ರಾಗಾರಗಳ ಬಾಗಿಲಲ್ಲಿ ಮೊದಲು ಕೇಳುವುದೇ ಇದನ್ನು. ಪ್ರಾಂಶುಪಾಲರು ರಜೆಯಲ್ಲಿರುವಾಗ ಈ ಪತ್ರಕ್ಕಾಗಿ ಓಡಾಡುವುದು ಬೇಡ.

ಹಂತ 1: ಶೀರ್ಷಿಕೆಯನ್ನು ಪ್ರಶ್ನೆಗಳಾಗಿ ಒಡೆಯಿರಿ

'ಹೆಂಚಿನ ಕಾರ್ಖಾನೆಗಳು' ಎಂದು ಹುಡುಕಿದರೆ ಹೆಂಚು ಮಾರುವವರ ಜಾಹೀರಾತು ಬರುತ್ತದೆ. ಹಾಗಾಗಿ ಒಂದು ಪುಟದಲ್ಲಿ ನಿಮ್ಮ ಪ್ರಶ್ನೆಗಳನ್ನು ಬರೆಯಿರಿ. ಪ್ರತಿ ಪ್ರಶ್ನೆಯ ಎದುರು ಅದಕ್ಕೆ ಯಾವ ಬಗೆಯ ಆಕರ ಉತ್ತರ ಕೊಟ್ಟೀತು ಎಂದು ಬರೆಯಿರಿ.

ಕಾರ್ಖಾನೆ ಹೇಗೆ ಶುರುವಾಯಿತು? ಇದಕ್ಕೆ ಪುಸ್ತಕ, ಗ್ಯಾಸೆಟಿಯರ್ (ಸರ್ಕಾರ ಹೊರತರುವ ಜಿಲ್ಲಾ ಮಾಹಿತಿ ಕೋಶ). ಒಂದು ಕಾಲದಲ್ಲಿ ಎಷ್ಟು ಕಾರ್ಖಾನೆಗಳಿದ್ದವು, ಎಷ್ಟು ಜನ ದುಡಿಯುತ್ತಿದ್ದರು? ಇದಕ್ಕೆ ಜನಗಣತಿ ಮತ್ತು ಇಲಾಖಾ ವರದಿ. ಯಾಕೆ ಮುಚ್ಚಿದವು ಎಂಬುದರ ಬಗ್ಗೆ ವಿದ್ವಾಂಸರು ಏನು ವಾದಿಸಿದ್ದಾರೆ? ನಿಯತಕಾಲಿಕದ (ಜರ್ನಲ್) ಲೇಖನ ಮತ್ತು ಪಿಎಚ್.ಡಿ. ಪ್ರಬಂಧ. ಮುಚ್ಚಿದ ದಿನ ಏನಾಯಿತು? ಪತ್ರಿಕೆ. ಆವೆಮಣ್ಣು ತುಳಿದು, ಒಲೆಯ ಬಿಸಿಯಲ್ಲಿ ನಿಂತು ದುಡಿದ ಹೆಂಗಸರು ಏನು ಹೇಳುತ್ತಾರೆ? ಇದು ಯಾವ ಕಪಾಟಿನಲ್ಲೂ ಇಲ್ಲ, ನೀವೇ ಹೋಗಿ ಕೇಳಬೇಕು.

ಈ ಪುಟ ಮಾಡದೆ ಮುಂದೆ ಹೋಗಬೇಡಿ. ಎಲ್ಲ ಪ್ರಶ್ನೆಗೂ ಒಂದೇ ಬಗೆಯ ಆಕರ ಹುಡುಕುವುದು ಅತಿ ಸಾಮಾನ್ಯ ತಪ್ಪು. ಕಾರ್ಮಿಕರ ಸಂಖ್ಯೆಗೆ ಸ್ಮರಣ ಸಂಚಿಕೆ ನೋಡುತ್ತಾರೆ, ಕಾರ್ಖಾನೆ ಮುಚ್ಚಿದ ತಾರೀಕಿಗೆ ಪಠ್ಯಪುಸ್ತಕ ನೋಡುತ್ತಾರೆ. ಎರಡರಲ್ಲೂ ಸಿಗುವುದಿಲ್ಲ. 'ಏನೂ ಇಲ್ಲ ಸರ್' ಹುಟ್ಟುವುದೇ ಇಲ್ಲಿ.

ಹಂತ 2: ಹುಡುಕುವ ಪದಗಳ ಪಟ್ಟಿ ಮಾಡಿ

ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಮುಂದಿನ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ.

ಮಂಗಳೂರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ 'ಮಂಗಳೂರು' ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಲೇಖನಗಳಿಗೆ 'ಮ್ಯಾಂಗಲೋರ್' ಎಂದೇ ಹಾಕಬೇಕು. ಜಿಲ್ಲೆ ಹಳೆಯ ದಾಖಲೆಗಳಲ್ಲಿ 'ಸೌತ್ ಕೆನರಾ'. ಈ ಕೆನರಾವನ್ನು ಇಂಗ್ಲಿಷಿನಲ್ಲಿ ಕೆಲವರು ಸಿ ಅಕ್ಷರದಿಂದ, ಕೆಲವರು ಕೆ ಅಕ್ಷರದಿಂದ ಬರೆದಿದ್ದಾರೆ. ಒಂದು ಹಾಕಿದರೆ ಇನ್ನೊಂದು ಬರುವುದಿಲ್ಲ, ಎರಡನ್ನೂ ಹಾಕಿ ನೋಡಿ. 1862ರಲ್ಲಿ ಉತ್ತರದ ಭಾಗ ಬಾಂಬೆ ಪ್ರೆಸಿಡೆನ್ಸಿಗೆ ಹೋಗುವ ಮೊದಲಿನ ಕಾಗದಪತ್ರಗಳಲ್ಲಿ ಬರೀ 'ಕೆನರಾ' ಎಂದಿರುತ್ತದೆ. ದಕ್ಷಿಣ ಭಾಗ 1956ರ ನವೆಂಬರ್‌ವರೆಗೆ ಮದ್ರಾಸಿನ ಆಡಳಿತದಲ್ಲೇ ಇತ್ತು. ಹಾಗಾಗಿ 'ಮದ್ರಾಸ್ ಪ್ರೆಸಿಡೆನ್ಸಿ' ಕೂಡ ನಿಮ್ಮ ಹುಡುಕುಪದವೇ. ಉಡುಪಿ ಜಿಲ್ಲೆ ಬೇರೆಯಾದದ್ದು 1997ರಲ್ಲಿ; ಅದಕ್ಕಿಂತ ಹಿಂದಿನ ಉಡುಪಿ, ಕುಂದಾಪುರ, ಕಾರ್ಕಳದ ಮಾಹಿತಿ ದಕ್ಷಿಣ ಕನ್ನಡದ ಹೊಟ್ಟೆಯೊಳಗಿದೆ.

ಸಂಸ್ಥೆಗಳ ಹೆಸರೂ ಬದಲಾಗುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆಯಿತು. ಮೊದಲ ಮಹಾಯುದ್ಧದ ಬಳಿಕ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. 'ಬಾಸೆಲ್ ಮಿಷನ್' ಎಂದಷ್ಟೇ ಹುಡುಕುವವರಿಗೆ ಯುದ್ಧದ ನಂತರ ದಾರಿ ಮುಚ್ಚಿದಂತೆ ಕಾಣುತ್ತದೆ. 'ಕಾಮನ್‌ವೆಲ್ತ್ ಟ್ರಸ್ಟ್' ಎಂದು ಹಾಕಿ, ಮುಂದಿನ ಕಥೆ ತೆರೆದುಕೊಳ್ಳುತ್ತದೆ.

ಪದಗಳನ್ನು ಹಾಕುವ ರೀತಿ ಕಲಿಯುವುದು ಐದು ನಿಮಿಷದ ಕೆಲಸ. ಎರಡು ಮೂರು ಪದ ಸೇರಿ ಒಂದೇ ಹೆಸರಾಗಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಎರಡರಲ್ಲಿ ಯಾವುದಾದರೂ ಬರಲಿ ಎಂದಿದ್ದರೆ ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ 'ಆರ್' (OR) ಎಂದು ಬರೆಯಿರಿ. ಪೂರ್ತಿ ವಾಕ್ಯ ಹಾಕಬೇಡಿ.

ಹಂತ 3: ಪರಾಮರ್ಶನ ವಿಭಾಗದಲ್ಲಿ ಒಂದು ಬೆಳಿಗ್ಗೆ

ಮನೆಗೆ ಕೊಡದ ಪುಸ್ತಕಗಳ ಈ ವಿಭಾಗವನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬಿಟ್ಟರೆ ಬೇರೆಯವರು ಮೂಸಿಯೂ ನೋಡುವುದಿಲ್ಲ. ಕೆಲಸ ಶುರುವಾಗಬೇಕಾದದ್ದು ಮಾತ್ರ ಇಲ್ಲಿಂದಲೇ.

ನಮ್ಮ ವಿಷಯಕ್ಕೆ ನೋಡಬೇಕಾದವು ಎರಡು: 1894ರಲ್ಲಿ ಮದ್ರಾಸ್ ಸರ್ಕಾರ ತಂದ ಸೌತ್ ಕೆನರಾ ಜಿಲ್ಲಾ ಮ್ಯಾನ್ಯುಯಲ್ ಮತ್ತು 1973ರ ಸೌತ್ ಕೆನರಾ ಜಿಲ್ಲಾ ಗ್ಯಾಸೆಟಿಯರ್. ಮೊದಲನೆಯದು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಎರಡನ್ನೂ ಆದಿಯಿಂದ ಅಂತ್ಯದವರೆಗೆ ಓದಬೇಡಿ. ಹಿಂದಿನ ಪದಸೂಚಿಯಲ್ಲಿ ಹೆಂಚು, ಬಾಸೆಲ್ ಮಿಷನ್, ಕೈಗಾರಿಕೆ, ನೇತ್ರಾವತಿ ಎಂದಿರುವ ಪುಟಗಳನ್ನು ಮಾತ್ರ ತೆರೆಯಿರಿ. ಎರಡೂ ಪುಸ್ತಕಗಳಲ್ಲಿ ಒಂದೇ ಸಂಗತಿಗೆ ಬೇರೆ ಬೇರೆ ಅಂಕಿ ಸಿಕ್ಕಿದರೆ ಎರಡನ್ನೂ ಬರೆದುಕೊಳ್ಳಿ, ಒಂದನ್ನು ಅಳಿಸಿಬಿಡಬೇಡಿ. ವೈವಾದಲ್ಲಿ ಪ್ರಶ್ನೆ ಬರುವುದು ಅಲ್ಲೇ.

ಕಸುಬಿನ ತುಳು ಪದಗಳಿಗೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ನೋಡಿ. ಹಳೆಯ ಕಾರ್ಮಿಕರನ್ನು ಮಾತಾಡಿಸಲು ಹೋಗುವ ಮುಂಚೆ ಅವರ ಮಾತು ನಿಮಗೆ ಅರ್ಥವಾಗಬೇಕಲ್ಲ.

ಹಂತ 4: ಕ್ಯಾಟಲಾಗ್‌ನಿಂದ ಕಪಾಟಿಗೆ

ಕಂಪ್ಯೂಟರಿನಲ್ಲಿ ನೋಡುವ ಕ್ಯಾಟಲಾಗ್‌ಗೆ ಓಪ್ಯಾಕ್ ಎನ್ನುತ್ತಾರೆ. ಕಾಲೇಜುಗಳಲ್ಲಿ ಕೋಹಾ, ಸೋಲ್, ಇ-ಗ್ರಂಥಾಲಯ ಹೀಗೆ ಬೇರೆ ಬೇರೆ ತಂತ್ರಾಂಶಗಳಿರುತ್ತವೆ. ಮುಖ ಬೇರೆ, ಬಳಕೆ ಒಂದೇ.

'ಟೈಟಲ್' ಎಂಬಲ್ಲಿ ಹುಡುಕಬೇಡಿ, 'ಕೀವರ್ಡ್' ಅಥವಾ 'ಸಬ್ಜೆಕ್ಟ್' ಆರಿಸಿ. ಕನ್ನಡ ಪುಸ್ತಕ ಬರದಿದ್ದರೆ ಲೈಬ್ರರಿಯಲ್ಲಿ ಇಲ್ಲವೆಂದಲ್ಲ. ಎಷ್ಟೋ ಕಾಲೇಜುಗಳಲ್ಲಿ ಕನ್ನಡದ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ನಮೂದಿಸಿರುತ್ತಾರೆ, ಅದೂ ನಮೂದಿಸಿದವರಿಗೆ ತೋಚಿದ ಕಾಗುಣಿತದಲ್ಲಿ. ದೀರ್ಘಕ್ಕೆ ಒಂದು 'ಎ' ಹಾಕಿದ್ದಾರೋ ಎರಡು ಹಾಕಿದ್ದಾರೋ ಹೇಳಲಾಗದು. ಶೀರ್ಷಿಕೆಯ ಮೊದಲ ನಾಲ್ಕಕ್ಷರ ಮಾತ್ರ ಹಾಕಿ, ಇಲ್ಲವೇ ಲೇಖಕರ ಹೆಸರಿನಿಂದ ಹೋಗಿ.

ಪುಸ್ತಕ ಸಿಕ್ಕಿತು ಎಂದಿಟ್ಟುಕೊಳ್ಳಿ. ಪರದೆಯ ಮೇಲೆ ಎರಡು ಸಂಖ್ಯೆ ಕಾಣುತ್ತದೆ. ಒಂದು ಆಕ್ಸೆಶನ್ ನಂಬರ್: ಲೈಬ್ರರಿಗೆ ಬಂದ ಒಂದೊಂದು ಪ್ರತಿಗೂ ಕೊಟ್ಟ ಕ್ರಮಸಂಖ್ಯೆ. ಇನ್ನೊಂದು ಕಾಲ್ ನಂಬರ್: ಅದು ಕಪಾಟಿನಲ್ಲಿ ಎಲ್ಲಿದೆ ಎಂದು ಹೇಳುವುದು. ಮೊದಲನೆಯದನ್ನು ಅಂಗೈ ಮೇಲೆ ಬರೆದುಕೊಂಡು ಕಪಾಟಿನ ಮುಂದೆ ಅಲೆಯುವವರನ್ನು ದಿನವೂ ನೋಡಬಹುದು. ಬರೆದುಕೊಳ್ಳಬೇಕಾದದ್ದು ಎರಡನೆಯದು.

ಆ ಸಂಖ್ಯೆ ಓದುವುದರಲ್ಲೂ ಒಂದು ಮೋಸವಿದೆ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣ ಬಳಸುವ ಲೈಬ್ರರಿಯಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮೇಲೆ 338.47666 ಎಂದೂ ಕೆಳಗೆ ಲೇಖಕರ ಹೆಸರಿನ ಮೂರಕ್ಷರವೂ ಇರುತ್ತದೆ. ಇದು 338.5ಕ್ಕಿಂತ ಮೊದಲು ಬರುವ ಪುಸ್ತಕ. ಬಿಂದುವಿನ ನಂತರದ ಅಂಕಿ ಉದ್ದವಾಗಿದೆ ಎಂದು ಅದನ್ನು 338.9ರ ಆಚೆ ಹುಡುಕಿದರೆ ಸಿಗುವುದಿಲ್ಲ. ಬಿಂದುವಿನ ನಂತರ ಒಂದೊಂದೇ ಅಂಕಿಯಾಗಿ ಹೋಲಿಸಿ: 4 ಮೊದಲು, 5 ನಂತರ, ಅಷ್ಟೆ.

ಒಂದೇ ವಿಷಯದ ಪುಸ್ತಕಗಳು ಒಂದೇ ಕಡೆ ಇರುವುದಿಲ್ಲ ಎಂಬುದೂ ನೆನಪಿರಲಿ. ಹೆಂಚಿನ ಉದ್ಯಮದ ಅರ್ಥಶಾಸ್ತ್ರ 338ರಲ್ಲಿ, ಕಾರ್ಮಿಕರ ವಿಚಾರ 331ರಲ್ಲಿ, ಮಿಷನರಿಗಳ ಕೆಲಸ 266ರಲ್ಲಿ, ಮಣ್ಣು ಸುಡುವ ತಂತ್ರ 666ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ. ಐದು ಕಡೆಯೂ ಹೋಗಬೇಕು. ಸರಿಯಾದ ಒಂದು ಪುಸ್ತಕ ಸಿಕ್ಕಿದ ಕೂಡಲೇ ಅದರ ಎಡಬಲದ ಹತ್ತು ಹತ್ತು ಪುಸ್ತಕಗಳನ್ನು ತೆಗೆದು ನೋಡಿ, ಮತ್ತೆ ಅದರ ಕೊನೆಯ ಗ್ರಂಥಋಣ (ಲೇಖಕರು ಬಳಸಿದ ಆಕರಗಳ ಪಟ್ಟಿ) ತೆರೆಯಿರಿ. ಒಳ್ಳೆಯ ಪುಸ್ತಕವೊಂದರ ಗ್ರಂಥಋಣ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ನಿಮ್ಮ ಕಾಲೇಜಿನಲ್ಲಿ ಇಲ್ಲದ ಪುಸ್ತಕಕ್ಕೆ ಲೈಬ್ರೇರಿಯನ್‌ರನ್ನು ಕೇಳಿ. ಕಾಲೇಜು ಲೈಬ್ರರಿಗಳ ಜಾಲವಾದ ಡೆಲ್‌ನೆಟ್‌ನ ಸದಸ್ಯವಾಗಿದ್ದರೆ ಬೇರೆ ಊರಿನ ಲೈಬ್ರರಿಯಿಂದ ತರಿಸುವ ವ್ಯವಸ್ಥೆ ಇರುತ್ತದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಗ್ರಂಥಾಲಯಕ್ಕೆ ಪರಿಚಯ ಪತ್ರ ಹಿಡಿದು ಹೋಗುವುದಾದರೆ ಪುಸ್ತಕಗಳ ಪಟ್ಟಿ ಮೊದಲೇ ಮಾಡಿಕೊಂಡು ಹೋಗಿ. ಅಲ್ಲಿಗೆ ಹೋಗಿ ಏನು ನೋಡಲಿ ಎಂದು ಯೋಚಿಸುತ್ತ ಕೂತರೆ ಸಂಜೆಯ ಬಸ್ಸಿನ ಹೊತ್ತಾಗಿರುತ್ತದೆ.

ಹಂತ 5: ನಿಯತಕಾಲಿಕದ ಲೇಖನಗಳು

ಜರ್ನಲ್ ಲೇಖನಗಳ ವಿಚಾರದಲ್ಲಿ ಎರಡು ಪ್ರತ್ಯೇಕ ಕೆಲಸಗಳಿವೆ: ಯಾವ ಲೇಖನ ಇದೆ ಎಂದು ಪತ್ತೆಹಚ್ಚುವುದು, ಪತ್ತೆಯಾದದ್ದನ್ನು ಪೂರ್ತಿ ಓದಲು ಪಡೆಯುವುದು.

ಪತ್ತೆಹಚ್ಚಲು ಗೂಗಲ್ ಸ್ಕಾಲರ್ ಸಾಕು. ಗೂಗಲ್ ಮುಟ್ಟಬೇಡಿ ಎನ್ನುವ ಮೇಷ್ಟ್ರುಗಳ ಮಾತು ನಾನು ಒಪ್ಪುವುದಿಲ್ಲ. ಆದರೆ ಸ್ಕಾಲರ್ ಬೇರೆ, ಸಾಮಾನ್ಯ ಗೂಗಲ್ ಬೇರೆ. ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ 'ಸೈಟೆಡ್ ಬೈ' ಎಂದಿರುತ್ತದೆ. ಅದನ್ನು ಒತ್ತಿದರೆ ಆ ಲೇಖನವನ್ನು ಮುಂದೆ ಯಾರು ಯಾರು ಬಳಸಿಕೊಂಡರು ಎಂದು ಕಾಣುತ್ತದೆ. ಗ್ರಂಥಋಣ ನಿಮ್ಮನ್ನು ಹಿಂದಕ್ಕೆ ಕೊಂಡೊಯ್ದರೆ ಈ ಗುಂಡಿ ಮುಂದಕ್ಕೆ ಕೊಂಡೊಯ್ಯುತ್ತದೆ. 1990ರ ದಶಕದ ಒಂದು ಒಳ್ಳೆಯ ಲೇಖನ ಹಿಡಿದು ಇತ್ತೀಚಿನವರೆಗೆ ಬರಬಹುದು.

ಪೂರ್ತಿ ಓದಲು ಹೋದಾಗ ದುಡ್ಡು ಕೇಳಿದರೆ ಕೊಡಬೇಡಿ. ಮೊದಲು ನಿಮ್ಮ ಲೈಬ್ರರಿಯಲ್ಲಿ ಎನ್-ಲಿಸ್ಟ್ ಇದೆಯೇ ಎಂದು ಕೇಳಿ. ಕಾಲೇಜುಗಳಿಗೆ ಆನ್‌ಲೈನ್ ಆಕರ ಒದಗಿಸಲು ಯು.ಜಿ.ಸಿ.ಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಸೇವೆಗೆ ಕಾಲೇಜು ಸದಸ್ಯವಾಗಿದ್ದರೆ, ಲೈಬ್ರೇರಿಯನ್ ನಿಮ್ಮ ಹೆಸರಲ್ಲಿ ಖಾತೆ ಮಾಡಿಸಿಕೊಡುತ್ತಾರೆ. ಮನೆಯಲ್ಲಿ ಕೂತೇ ಓದಬಹುದು. ಖಾತೆಯ ವಿವರ ಬಂದ ಮೇಲ್ ಎಷ್ಟೋ ಸಲ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ, ನೋಡಿಕೊಳ್ಳಿ.

2025ರ ಜನವರಿ 1ರಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್' ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ತೆರೆದಿವೆ. ಮೊದಲ ಹಂತದಲ್ಲಿ ಇದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದ ಶಿಕ್ಷಣ ಸಂಸ್ಥೆಗಳಿಗೆ. ನಮ್ಮ ಕರಾವಳಿಯಲ್ಲಿ ಖಾಸಗಿ ಆಡಳಿತದ ಕಾಲೇಜುಗಳೇ ಹೆಚ್ಚು. ಸುದ್ದಿ ಓದಿ ನಮಗೂ ಇದೆ ಅಂದುಕೊಳ್ಳದೆ ಕೌಂಟರಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಎರಡೂ ಇಲ್ಲವಾದರೆ ನಿಯತಕಾಲಿಕಗಳ ಜಾಲಸಂಗ್ರಹ ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದು ತಿಂಗಳಿಗೆ ಇಂತಿಷ್ಟು ಲೇಖನ ಓದಬಹುದು, ಡಿ.ಒ.ಎ.ಜೆ. ಪಟ್ಟಿಯ ನಿಯತಕಾಲಿಕಗಳಂತೂ ಪೂರ್ತಿ ಮುಕ್ತ.

ಒಂದು ಎಚ್ಚರಿಕೆ: ಸಿಕ್ಕಿತಲ್ಲ ಎಂದು ಸಂಚಿಕೆಗೆ ಸಂಚಿಕೆಯನ್ನೇ ಡೌನ್‌ಲೋಡ್ ಮಾಡಬೇಡಿ. ಪ್ರಕಾಶಕರ ಯಂತ್ರ ಅದನ್ನು ಗುರುತಿಸಿ ಇಡೀ ಕಾಲೇಜಿನ ಪ್ರವೇಶವನ್ನೇ ತಡೆಯಬಹುದು. ಆಮೇಲೆ ಪರೀಕ್ಷೆಯ ತಿಂಗಳಲ್ಲಿ ನಿಮ್ಮ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ.

ನಕಲಿ ನಿಯತಕಾಲಿಕಗಳ ಲಕ್ಷಣ

ಎಂಜಿನಿಯರಿಂಗ್, ಯೋಗ, ವಾಣಿಜ್ಯ, ಜಾನಪದ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ಹಾಕುವುದು, ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವುದು, ಸಂಪಾದಕ ಮಂಡಳಿಯವರ ಸಂಸ್ಥೆಯ ವಿಳಾಸ ಕಾಣಿಸದಿರುವುದು, ಕೇಳಿರದ ಹೆಸರಿನ 'ಇಂಪ್ಯಾಕ್ಟ್ ಫ್ಯಾಕ್ಟರ್' (ಲೇಖನಗಳು ಎಷ್ಟು ಉಲ್ಲೇಖವಾಗುತ್ತವೆ ಎಂಬ ಅಳತೆ) ಮುಖಪುಟದಲ್ಲೇ ಮಿನುಗುವುದು. ಇವುಗಳಲ್ಲಿ ಎರಡು ಕಂಡರೂ ಆ ಲೇಖನ ಬಿಟ್ಟುಬಿಡಿ. ಐ.ಎಸ್.ಎಸ್.ಎನ್. ಸಂಖ್ಯೆ ಇದೆ ಎಂಬುದು ಗುಣಮಟ್ಟದ ಗುರುತಲ್ಲ, ಅದು ಬರೀ ನೋಂದಣಿ. 'ಯು.ಜಿ.ಸಿ. ಕೇರ್ ಪಟ್ಟಿಯಲ್ಲಿದೆ' ಎಂಬ ಜಾಹೀರಾತಿಗೂ ಮರುಳಾಗಬೇಡಿ. ಒಪ್ಪಿತ ನಿಯತಕಾಲಿಕಗಳ ಆ ಪಟ್ಟಿಯನ್ನು ಯು.ಜಿ.ಸಿ. 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು.

ಹಂತ 6: ಪಿಎಚ್.ಡಿ. ಪ್ರಬಂಧಗಳು

ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾನಿಲಯಗಳ ಪ್ರಬಂಧಗಳು ಉಚಿತವಾಗಿವೆ, ಮಂಗಳೂರು ವಿಶ್ವವಿದ್ಯಾನಿಲಯದವೂ ಸೇರಿ. ಪ್ರತಿ ಅಧ್ಯಾಯಕ್ಕೂ ಬೇರೆ ಕಡತ ಇರುತ್ತದೆ. ಮೊದಲ ಅಧ್ಯಾಯದಿಂದ ಶುರುಮಾಡುವುದು ಎಲ್ಲರೂ ಮಾಡುವ ತಪ್ಪು. ಕೊನೆಯ ಕಡತ ತೆರೆಯಿರಿ: ಗ್ರಂಥಋಣ ಅಲ್ಲಿದೆ. ನಂತರ ಸಾಹಿತ್ಯ ಸಮೀಕ್ಷೆಯ (ವಿಷಯದ ಮೇಲೆ ಈಗಾಗಲೇ ಬಂದ ಬರಹಗಳ ಪರಿಶೀಲನೆ) ಅಧ್ಯಾಯ. ಪ್ರಬಂಧ ಬರೆದವರು ಮೂರು ನಾಲ್ಕು ವರ್ಷ ಹುಡುಕಿದ್ದು ಈ ಎರಡು ಕಡತಗಳಲ್ಲಿ ಸೇರಿರುತ್ತದೆ.

ಪ್ರಬಂಧದಲ್ಲಿ ಉದ್ಧರಿಸಿದ ಪುಸ್ತಕವನ್ನು ನೀವು ನೋಡದೆ, ನೋಡಿದ ಹಾಗೆ ಉಲ್ಲೇಖ ಕೊಡಬೇಡಿ. ಮೂಲದ ಪುಟಸಂಖ್ಯೆ ತಪ್ಪಿದ್ದರೆ ತಪ್ಪು ನಿಮ್ಮ ತಲೆಗೂ ಬರುತ್ತದೆ. ಪುಸ್ತಕ ತೆರೆಯಿರಿ, ಇಲ್ಲವೇ 'ಇಂಥವರ ಪ್ರಬಂಧದಲ್ಲಿ ಉಲ್ಲೇಖಿತ' ಎಂದು ಬರೆಯಿರಿ. ಸಾಲುಗಳನ್ನು ಎತ್ತಿ ಹಾಕುವ ವಿಚಾರಕ್ಕೆ ಬಂದರೆ, ಯು.ಜಿ.ಸಿ.ಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10 ದಾಟಿದರೆ ಕ್ರಮದ ಮೊದಲ ಮೆಟ್ಟಿಲು ಶುರು.

ಹಂತ 7: ಅಂಕಿಅಂಶ ಮತ್ತು ಸರ್ಕಾರಿ ವರದಿ

ಜಿಲ್ಲೆಯ ಇತ್ತೀಚಿನ ಲೆಕ್ಕಕ್ಕೆ ಪ್ರತಿ ವರ್ಷ ಬರುವ 'ಜಿಲ್ಲಾ ಅಂಕಿ ಅಂಶಗಳ ನೋಟ' ನೋಡಿ. ಜಿಲ್ಲಾ ಸಂಖ್ಯಾಸಂಗ್ರಹಣಾಧಿಕಾರಿ ಕಚೇರಿಯದ್ದು. ಹಳೆಯದಕ್ಕೆ ಜನಗಣತಿ ವರದಿಗಳು. ಜನಗಣತಿ ಇಲಾಖೆಯ ಜಾಲತಾಣದಲ್ಲಿ ಬ್ರಿಟಿಷ್ ಕಾಲದ ಸಂಪುಟಗಳೂ ಸ್ಕ್ಯಾನ್ ಆಗಿ ಸಿಗುತ್ತವೆ.

ಇಲ್ಲಿ ಗಡಿಯ ತೊಡಕು ಮತ್ತೆ ಎದುರಾಗುತ್ತದೆ, ಈ ಸಲ ಇನ್ನೂ ಕೆಟ್ಟದಾಗಿ. 1951ರ ಜನಗಣತಿಯ ಸೌತ್ ಕೆನರಾದಲ್ಲಿ ಕಾಸರಗೋಡು ಇದೆ, ಆ ಸಂಪುಟ ಇರುವುದು ಮದ್ರಾಸ್ ರಾಜ್ಯದ ಸಾಲಿನಲ್ಲಿ. 1961ರದ್ದು ಮೈಸೂರು ರಾಜ್ಯದ ಸಾಲಿನಲ್ಲಿ, ಕಾಸರಗೋಡು ಕೇರಳಕ್ಕೆ ಹೋಗಿಯಾಗಿದೆ. 1991ರ ದಕ್ಷಿಣ ಕನ್ನಡದಲ್ಲಿ ಉಡುಪಿ ಇದೆ, 2001ರಲ್ಲಿ ಇಲ್ಲ. ಈ ನಾಲ್ಕು ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ ಗ್ರಾಫ್ ಎಳೆದರೆ ಕಾರ್ಮಿಕರು ಎರಡು ಸಲ ಧುತ್ತೆಂದು ಮಾಯವಾದಂತೆ ಕಾಣುತ್ತದೆ. ಮಾಯವಾದದ್ದು ತಾಲೂಕುಗಳು. ಜಿಲ್ಲೆಯ ಒಟ್ಟು ಸಂಖ್ಯೆಯ ಬದಲು ತಾಲೂಕುವಾರು ಕೋಷ್ಟಕ ತೆಗೆದು, ನಿಮಗೆ ಬೇಕಾದ ತಾಲೂಕುಗಳನ್ನು ನೀವೇ ಕೂಡಿಸಿ. ಬೇಜಾರಿನ ಕೆಲಸ ಹೌದು, ಆದರೆ ಇದನ್ನು ಮಾಡದ ಕೋಷ್ಟಕ ಪರೀಕ್ಷಕರ ಕಣ್ಣಿಗೆ ಬಿದ್ದರೆ ಮುಗಿಯಿತು.

ನಿಮ್ಮ ವಿಷಯ ಮೀನುಗಾರಿಕೆಯಾದರೆ ಪುಣ್ಯ ಮಾಡಿದ್ದೀರಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಡಿಜಿಟಲ್ ಸಂಗ್ರಹ ಎಲ್ಲರಿಗೂ ಮುಕ್ತವಾಗಿದೆ. 2005, 2010, 2016ರ ಸಮುದ್ರ ಮೀನುಗಾರಿಕಾ ಗಣತಿಗಳು ಆ ಸಂಸ್ಥೆಯವೇ. ಮಂಗಳೂರಿನಲ್ಲೇ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಅದರ ಲೈಬ್ರರಿಗೂ ಪತ್ರ ಹಿಡಿದು ಹೋಗಿ.

ಪ್ರಕಟವಾಗದ ಮಾಹಿತಿ, ಉದಾಹರಣೆಗೆ ಒಂದು ತಾಲೂಕಿನಲ್ಲಿ ಈಗ ಪರವಾನಗಿ ಇರುವ ಹೆಂಚಿನ ಕಾರ್ಖಾನೆಗಳ ಪಟ್ಟಿ, ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. 'ಹೆಂಚಿನ ಉದ್ಯಮದ ಬಗ್ಗೆ ಎಲ್ಲ ಮಾಹಿತಿ ಕೊಡಿ' ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ. ವರ್ಷ, ತಾಲೂಕು, ಪಟ್ಟಿಯ ಹೆಸರು ಹಾಕಿ ಕೇಳಿ. ತಿಂಗಳು ಹಿಡಿಯುವ ಕೆಲಸವಾದ್ದರಿಂದ ಈ ಅರ್ಜಿಯನ್ನು ಮಾತ್ರ ಮೊದಲ ವಾರವೇ ಹಾಕಿಬಿಡಿ, ಬೇರೆ ಹಂತಗಳು ಆ ಹೊತ್ತಿಗೆ ನಡೆಯುತ್ತಿರಲಿ.

ಹಂತ 8: ಪತ್ರಿಕೆಗಳು

ಕಾಲೇಜು ಲೈಬ್ರರಿಗಳು ದಿನಪತ್ರಿಕೆಗಳನ್ನು ಕೆಲವು ತಿಂಗಳಷ್ಟೇ ಇಟ್ಟುಕೊಂಡು ರದ್ದಿಗೆ ಹಾಕುತ್ತವೆ. ಹಳೆಯ ಸುದ್ದಿಗೆ ಲೈಬ್ರರಿಯ ಪತ್ರಿಕಾ ತುಣುಕುಗಳ ಫೈಲು ಕೇಳಿ. ಎಲ್ಲ ಕಡೆ ಇರುವುದಿಲ್ಲ, ಇರುವ ಕಡೆ ಅದು ಚಿನ್ನ. ಮಣಿಪಾಲದಿಂದ 1970ರಲ್ಲಿ ಶುರುವಾದ ಉದಯವಾಣಿಯಂಥ ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆ ಬೇಕಾದರೆ ಕಚೇರಿಗೆ ಮೊದಲೇ ಪತ್ರ ಬರೆದು ಅನುಮತಿ ಕೇಳಿ.

ತಾರೀಕು ಗೊತ್ತಿಲ್ಲದೆ ಹೋಗಬೇಡಿ. ಮೊದಲು ಪ್ರಬಂಧ ಅಥವಾ ಲೇಖನದಿಂದ ವರ್ಷ ಮತ್ತು ತಿಂಗಳು ಗೊತ್ತುಮಾಡಿಕೊಳ್ಳಿ, ಆ ಮೇಲೆ ಹೋಗಿ. ಹಾಗೆಂದೇ ಇದು ಎಂಟನೇ ಹಂತ. ಉಲ್ಲೇಖ ಬರೆದುಕೊಳ್ಳುವಾಗ ಆವೃತ್ತಿಯ ಊರನ್ನೂ ಬರೆಯಿರಿ. ಜಿಲ್ಲಾ ಪುಟದ ಸುದ್ದಿ ಬೆಂಗಳೂರು ಆವೃತ್ತಿಯಲ್ಲಿ ಇರುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಹಳೆಯ ಕಾಗದ ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಜೆರಾಕ್ಸ್ ಯಂತ್ರದ ಮೇಲೆ ಒತ್ತುವುದು ಬೇಡ, ಅನುಮತಿ ಪಡೆದು ಮೇಲಿನಿಂದ ಫೋಟೊ ತೆಗೆಯಿರಿ.

ಹಂತ 9: ಮೂಲ ದಾಖಲೆಗಳು

ಇಲ್ಲಿಗೆ ಬರುವಾಗ ನಿಮ್ಮ ಹತ್ತಿರ ಹೆಸರು, ವರ್ಷ, ಇಲಾಖೆ ಇರಬೇಕು. ಖಾಲಿ ಕೈಯಲ್ಲಿ ಪತ್ರಾಗಾರಕ್ಕೆ ಹೋದರೆ ಯಾವ ಕಟ್ಟು ತರಿಸಬೇಕೆಂದೇ ತಿಳಿಯುವುದಿಲ್ಲ.

ಬಾಸೆಲ್ ಮಿಷನ್ನಿನ ಸ್ಥಳೀಯ ದಾಖಲೆಗಳಿಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರ ಇದೆ. ಮೊದಲೇ ಸಂಪರ್ಕಿಸಿ ಸಮಯ ಕೇಳಿಕೊಂಡು ಹೋಗಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಮಿಷನ್ ಪತ್ರಾಗಾರ ತನ್ನ ಹಳೆಯ ಚಿತ್ರಗಳನ್ನು ಜಾಲತಾಣದಲ್ಲಿ ಹಾಕಿದೆ. ಚಿತ್ರ ಬಳಸುವ ಮುಂಚೆ ಅದರ ಕೆಳಗಿನ ಷರತ್ತು ಓದಿ. ಅಲ್ಲಿನ ಕಾಗದಪತ್ರಗಳು ಬಹುಪಾಲು ಜರ್ಮನ್ ಭಾಷೆಯವು. ಹಳೆಯವು ಈಗಿನ ಜರ್ಮನ್ ಬಲ್ಲವರಿಗೂ ಸುಲಭಕ್ಕೆ ಓದಲಾಗದ ಕೈಬರಹದಲ್ಲಿವೆ. ಸಿನಾಪ್ಸಿಸ್‌ನಲ್ಲಿ 'ಬಾಸೆಲ್ ದಾಖಲೆಗಳ ಅಧ್ಯಯನ' ಎಂದು ಬರೆದು ಸಿಕ್ಕಿಹಾಕಿಕೊಳ್ಳಬೇಡಿ.

1956ಕ್ಕಿಂತ ಹಿಂದಿನ ಸರ್ಕಾರಿ ಕಡತಗಳನ್ನು ಬೆಂಗಳೂರಿನಲ್ಲಿ ಹುಡುಕಿ ಬರಿಗೈಯಲ್ಲಿ ಬರುವವರಿಗೆ ಒಂದು ಮಾತು: ನಾವು ಆಗ ಮದ್ರಾಸಿನವರು. ಚೆನ್ನೈನ ಎಗ್ಮೋರಿನ ತಮಿಳುನಾಡು ಪತ್ರಾಗಾರದಿಂದ ಶುರುಮಾಡಬೇಕು. ಪದವಿಯ ಪ್ರಾಜೆಕ್ಟಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಪಿಎಚ್.ಡಿ.ಯವರು ತಪ್ಪಿಸಿಕೊಳ್ಳುವಂತಿಲ್ಲ.

ಕಾಗದವಲ್ಲದ ದಾಖಲೆಗಳನ್ನೂ ಗಮನಿಸಿ. ಹಳೆಯ ಮನೆಯ ಮಾಡಿನಿಂದ ಇಳಿಸಿದ ಹೆಂಚನ್ನು ಮಗುಚಿದರೆ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ ಹೆಂಚಿನಲ್ಲಿ 1865 ಎಂದೂ ಕಾಣಬಹುದು. ಅದು ಕಾರ್ಖಾನೆ ಆರಂಭವಾದ ವರ್ಷ. ಆ ಹೆಂಚು ಸುಟ್ಟ ವರ್ಷವೆಂದು ಬರೆದರೆ ಮನೆಯ ವಯಸ್ಸಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಹಂತ 10: ಸಲ್ಲಿಸುವ ಮುಂಚೆ ಪಟ್ಟಿಯನ್ನು ಜರಡಿ ಹಿಡಿಯಿರಿ

ಈಗೀಗ ಲೈಬ್ರರಿಗಳಿಗೆ ಹೊಸ ತಲೆನೋವು ಶುರುವಾಗಿದೆ: ಎ.ಐ. ಚಾಟ್ ಕೊಟ್ಟ ಪಟ್ಟಿ ಹಿಡಿದು ಬಂದು ಈ ಪುಸ್ತಕ ಕೊಡಿ ಎನ್ನುವುದು. ಲೇಖಕರ ಹೆಸರು ನಿಜ, ನಿಯತಕಾಲಿಕದ ಹೆಸರು ನಿಜ, ಆದರೆ ಆ ಲೇಖನವೇ ಹುಟ್ಟಿಲ್ಲ. ಹುಡುಕುಪದ ಸೂಚಿಸಲು ಚಾಟ್ ಬಳಸಿದರೆ ತಪ್ಪಿಲ್ಲ, ಉಲ್ಲೇಖ ಮಾತ್ರ ಅದರಿಂದ ಎತ್ತಬೇಡಿ.

ಪರೀಕ್ಷಿಸುವ ಬಗೆ ಹೀಗೆ: ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಸ್ಕಾಲರ್‌ನಲ್ಲಿ ಹಾಕಿ. ಡಿ.ಒ.ಐ. ಸಂಖ್ಯೆ (ಲೇಖನಕ್ಕೆ ಕೊಡುವ ಕಾಯಂ ಗುರುತು) ಇದ್ದರೆ ಡಿ.ಒ.ಐ. ಜಾಲತಾಣದಲ್ಲಿ ಹಾಕಿ, ಅದೇ ಲೇಖನ ತೆರೆಯುತ್ತದೆಯೇ ನೋಡಿ. ಬೇರೆ ಯಾವುದೋ ತೆರೆದರೆ ಅನುಮಾನ ಖಚಿತ. ನಿಯತಕಾಲಿಕದ ಆ ಸಂಪುಟದ ಪರಿವಿಡಿ ತೆರೆದು ಪುಟಸಂಖ್ಯೆ ತಾಳೆ ಮಾಡಿ.

ಫೋನಿನಲ್ಲಿ ಪುಟಗಳ ಫೋಟೊ ತೆಗೆಯುವವರು ಒಂದು ಅಭ್ಯಾಸ ಬೆಳೆಸಿಕೊಳ್ಳಿ: ಮೊದಲ ಫೋಟೊ ಶೀರ್ಷಿಕೆ ಪುಟದ್ದು, ಎರಡನೆಯದು ಅದರ ಹಿಂಬದಿಯದ್ದು, ಆಮೇಲೆ ಬೇಕಾದ ಪುಟ, ಪುಟಸಂಖ್ಯೆ ಕಾಣುವಂತೆ. ಗ್ಯಾಲರಿಯಲ್ಲಿ ಇನ್ನೂರು ಫೋಟೊ ಇದ್ದು ಯಾವುದು ಯಾವ ಪುಸ್ತಕದ್ದೆಂದು ತಿಳಿಯದವರು ಅದೇ ಪುಸ್ತಕಕ್ಕೆ ಮತ್ತೆ ಬರುತ್ತಾರೆ, ಅಷ್ಟರಲ್ಲಿ ಅದನ್ನು ಬೇರೆ ಯಾರೋ ಮನೆಗೆ ಒಯ್ದಿರುತ್ತಾರೆ. ಆ ದಿನ ತೆಗೆದ ಫೋಟೊಗಳ ವಿವರವನ್ನು ಆ ದಿನವೇ ಝೊಟೆರೊಗೆ ಹಾಕಿ. ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲೇ, ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಲ್ಲ, ಯೂನಿಕೋಡ್‌ನಲ್ಲಿ ನಮೂದಿಸಿ. ಇಲ್ಲದಿದ್ದರೆ ಪ್ರಿಂಟ್ ಹಾಕುವ ಅಂಗಡಿಯ ಕಂಪ್ಯೂಟರಿನಲ್ಲಿ ಗ್ರಂಥಋಣ ಪೂರ್ತಿ ಚೌಕಗಳಾಗಿ ಕಾಣಿಸುತ್ತದೆ.